ಆರೈಕೆಯ ತರಗತಿಯಲ್ಲಿ ಜನಾಂಗ ಮತ್ತು ಲಿಂಗ ಸಮಾನತೆಯನ್ನು ಬೋಧಿಸುವ ಬಗೆ

ಇಂಗ್ಲೆಂಡಿನಲ್ಲಿ ಸಾಮಾಜಿಕ ಆರೈಕೆಯ ಉಪನ್ಯಾಸಕರಾಗಿರುವವರು ಈ ಪಾಠವನ್ನು 2010ರ ಸಮಾನತಾ ಕಾಯ್ದೆಯ ಒಂಬತ್ತು ಸಂರಕ್ಷಿತ ಲಕ್ಷಣಗಳ (ಜನಾಂಗ, ಲಿಂಗ, ವಯಸ್ಸಿನಂತಹ, ಯಾವುದರ ಆಧಾರದ ಮೇಲೆ ತಾರತಮ್ಯ ಮಾಡುವಂತಿಲ್ಲವೋ ಅವುಗಳ) ಪಟ್ಟಿಯಿಂದ ಆರಂಭಿಸದಿರುವುದು ಒಳ್ಳೆಯದು, ಏಕೆಂದರೆ ಪಟ್ಟಿ ಬಾಯಿಪಾಠವಾದರೂ ನೋಡುವ ಕಣ್ಣು ಬದಲಾಗುವುದಿಲ್ಲ. ಮೊದಲು ಆರೈಕೆ ಕಡತದ್ದೆನ್ನಬಹುದಾದ ಒಂದು ಸಾಲನ್ನು ಹಲಗೆಯ ಮೇಲೆ ಬರೆಯಿರಿ: ‘ಸ್ನಾನಕ್ಕೂ ತಲೆ ಬಾಚುವುದಕ್ಕೂ ಸಹಕರಿಸುವುದಿಲ್ಲ.’ ಇದು ಜಮೈಕಾದಲ್ಲಿ ಹುಟ್ಟಿದ ಒಬ್ಬ ಕಪ್ಪು ವೃದ್ಧೆಯ ಕುರಿತ ಕಲ್ಪಿತ ಟಿಪ್ಪಣಿ ಎಂದು ತಿಳಿಸಿ, ಬರೆದವರು ಕಂಡದ್ದೇನು, ಊಹಿಸಿದ್ದೇನು ಎಂದು ಕೇಳಿ.

ಇಲ್ಲಿ ಅವಸರ ಬೇಡ. ದಟ್ಟವಾದ ಗುಂಗುರು ಕೂದಲನ್ನು ಎಣ್ಣೆಯಿಲ್ಲದೆ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬುಡದಿಂದಲೇ ಎಳೆದರೆ ಯಾರಾದರೂ ಕೈ ತಳ್ಳುತ್ತಾರೆ. ಅಗಲ ಹಲ್ಲಿನ ಬಾಚಣಿಗೆ ಹಿಡಿದು ತುದಿಯಿಂದ ಮೇಲಕ್ಕೆ ಬಿಡಿಸುತ್ತ ಬರಬೇಕು. ಸ್ನಾನ ಮಾಡಿಸುವವರು ಹೆಂಗಸೋ ಗಂಡಸೋ ಎಂಬ ಆಯ್ಕೆಯನ್ನು ಆಕೆಗೆ ಕೊಡಲಾಗಿತ್ತೇ ಎಂಬುದನ್ನೂ ಚರ್ಚೆಗೆ ತನ್ನಿ.

ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಹೆಸರಿಟ್ಟ ಅಂತರ್‌ಛೇದದ ಪರಿಕಲ್ಪನೆಯನ್ನು ಈಗ ಪರಿಚಯಿಸಿದರೆ ಅದು ಸುಲಭವಾಗಿ ಮನಸ್ಸಿಗೆ ಇಳಿಯುತ್ತದೆ: ಕಪ್ಪು ಮಹಿಳೆಗೆ ಆಗುವ ಅನ್ಯಾಯವನ್ನು ಜನಾಂಗದ್ದೊಂದು, ಲಿಂಗದ್ದೊಂದು ಎಂದು ಸೀಳಿ ನೋಡಿದರೆ ಎರಡರಲ್ಲೂ ಅದು ಕಾಣದೆ ಹೋಗುತ್ತದೆ. ತಾರತಮ್ಯವನ್ನು ತೊಡೆದು ಸಮಾನ ಅವಕಾಶವನ್ನು ಬೆಳೆಸುವತ್ತ ಗಮನ ಕೊಡಬೇಕೆಂದು ಸಮಾನತಾ ಕಾಯ್ದೆಯ 149ನೇ ಸೆಕ್ಷನ್ ಸಾರ್ವಜನಿಕ ಸಂಸ್ಥೆಗಳ ಮೇಲೆ ಹೊರಿಸುವ ಕರ್ತವ್ಯವನ್ನು ಇದರ ನಂತರ ವಿವರಿಸಿದರೆ ಸಾಕು.

ಗುಂಪಿನಲ್ಲಿರುವ ಕಪ್ಪು ಅಥವಾ ಏಷ್ಯನ್ ವಿದ್ಯಾರ್ಥಿನಿಯನ್ನು ‘ನಿಮ್ಮ ಅನುಭವ ಹೇಳಿ’ ಎಂದು ದಯವಿಟ್ಟು ಎಬ್ಬಿಸಬೇಡಿ. ಕಲಿಸುವ ಹೊಣೆ ನಿಮ್ಮದು, ಆಕೆಯದಲ್ಲ. ಕೊನೆಯ ಹತ್ತು ನಿಮಿಷಗಳಲ್ಲಿ ಹಲಗೆಯ ಮೇಲಿನ ಆ ಸಾಲನ್ನು ಅಳಿಸಿ, ಕಂಡದ್ದನ್ನಷ್ಟೇ ಹೇಳುವಂತೆ ಪ್ರತಿಯೊಬ್ಬರಿಂದಲೂ ಮತ್ತೆ ಬರೆಸಿರಿ.