ಹಳೇ ಸಿನಿಮಾಕ್ಕೆ ಹೊಸ ಟಿವಿ ಹದ ಮಾಡಿಕೊಂಡದ್ದು

ಮನೆಗೆ ಬಂದವರು ಕೇಳುವುದು ಒಂದೇ ಪ್ರಶ್ನೆ. ಕಪ್ಪು-ಬಿಳುಪು ಸಿನಿಮಾ ನೋಡೋದಕ್ಕೆ ಇಷ್ಟು ದೊಡ್ಡ ಟಿವಿ ಯಾಕೆ? ಬಣ್ಣವೇ ಇಲ್ಲದ ಮೇಲೆ ಡಿವಿಡಿಗಿಂತ ಸ್ಪಷ್ಟವಾದ ಬ್ಲೂರೇ ಡಿಸ್ಕ್ ಆದರೇನು, ಯೂಟ್ಯೂಬ್ ಆದರೇನು ಅಂತ. ನನಗೆ ಗೊತ್ತಾಗಿರುವುದು ಇದಕ್ಕೆ ಪೂರ್ತಿ ಉಲ್ಟಾ. ಬ್ಲೂರೇ ಡಿಸ್ಕಿನ ತಾಕತ್ತೆಲ್ಲ ಕಾಣುವುದೇ ಕಪ್ಪು-ಬಿಳುಪಿನಲ್ಲಿ. ಡಿಸ್ಕಿನಲ್ಲಿ ಚಿತ್ರ ಎರಡು ಪಾಲಾಗಿ ಕೂತಿರುತ್ತದೆ. ಬೆಳಕು-ನೆರಳಿನ ಪಾಲು 1920 × 1080 ಚುಕ್ಕೆಗಳಲ್ಲಿ ಪೂರ್ತಿಯಾಗಿ ಇರುತ್ತದೆ. ಬಣ್ಣದ ಪಾಲನ್ನು ಜಾಗ ಉಳಿಸುವುದಕ್ಕೆ ಕಾಲು ಭಾಗಕ್ಕೆ ಇಳಿಸಿರುತ್ತಾರೆ. ಕಪ್ಪು-ಬಿಳುಪು ಸಿನಿಮಾಕ್ಕೆ ಆ ಎರಡನೇ ಪಾಲೇ ಬೇಡ, ಹಾಗಾಗಿ ನಷ್ಟವೂ ಇಲ್ಲ.

ಆದರೆ ಅದು ಕಣ್ಣಿಗೆ ಬೀಳಬೇಕಾದರೆ ಟಿವಿ ಸುಮ್ನೆ ಇರಬೇಕು. ಈಗಿನ ಟಿವಿಗಳು ಸುಮ್ನೆ ಇರುವುದಿಲ್ಲ.

ನಮ್ಮನೆ ಟಿವಿ ಹದ ಮಾಡುವುದಕ್ಕೆ ನಾನು ಇಟ್ಟುಕೊಂಡಿರುವುದು ಸತ್ಯಜಿತ್ ರೇ ಅವರ ಅಪು ಚಿತ್ರಗಳ ಪೆಟ್ಟಿಗೆ. ‘ಪಥೇರ್ ಪಾಂಚಾಲಿ’ (1955), ‘ಅಪರಾಜಿತೋ’ (1956), ‘ಅಪುರ್ ಸಂಸಾರ್’ (1959). ಇಷ್ಟದ ಸಿನಿಮಾಗಳು ಅನ್ನುವುದು ಒಂದು ಕಾರಣ. ಇನ್ನೊಂದು, ಒಳ್ಳೆಯ ಮೂಲದಿಂದ ಬಂದ ಚಿತ್ರ ಹೇಗಿರುತ್ತದೆ, ಸುಮಾರಾದ ಮೂಲದಿಂದ ಬಂದದ್ದು ಹೇಗಿರುತ್ತದೆ ಅನ್ನುವುದು ಈ ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತದೆ.

ಅದರ ಕತೆ ಹೀಗಿದೆ. 1993ರಲ್ಲಿ ಲಂಡನ್ನಿನ ಹೆಂಡರ್ಸನ್ಸ್ ಲ್ಯಾಬಿಗೆ ಬೆಂಕಿ ಬಿತ್ತು. ರೇ ಅವರ ಹಲವು ಚಿತ್ರಗಳ ಮೂಲ ನೆಗೆಟಿವ್‌ಗಳು ಅಲ್ಲಿದ್ದವು. ಸುಟ್ಟು ಉಳಿದದ್ದನ್ನು ಅಮೆರಿಕದ ಅಕಾಡೆಮಿ ಫಿಲ್ಮ್ ಆರ್ಕೈವ್ ಎಸೆಯದೆ ಎತ್ತಿಟ್ಟುಕೊಂಡಿತು. ಇಪ್ಪತ್ತು ವರ್ಷ ಕಳೆದ ಮೇಲೆ ಹಳೇ ಸಿನಿಮಾಗಳ ಡಿಸ್ಕ್ ತರುವ ಕ್ರೈಟೀರಿಯನ್ ಕಂಪನಿ ಅವನ್ನು ಇಟಲಿಯ ಬೊಲೋನ್ಯಾದ ಲಿಮಾಜಿನೆ ರಿತ್ರೊವಾತಾ ಲ್ಯಾಬಿಗೆ ಕಳಿಸಿತು. ಅಲ್ಲಿನವರು ಒಣಗಿ ಪುಡಿಪುಡಿಯಾಗುತ್ತಿದ್ದ ಫಿಲ್ಮಿಗೆ ಮತ್ತೆ ತೇವ ಹಿಡಿಸಿದರು. ಕರಗಿ ಅಂಟಿದ್ದ ಟೇಪನ್ನು ಕೆರೆದು ತೆಗೆದರು. ಅಂಚಿನ ತೂತುಗಳನ್ನು ಕೈಯಿಂದ ಕಟ್ಟಿದರು. ಕೈಕೆಲಸವೇ ಹತ್ತಿರ ಹತ್ತಿರ 1000 ಗಂಟೆ ಆಯಿತಂತೆ. ಆಮೇಲೆ 4ಕೆ ಸ್ಕ್ಯಾನ್, ಅಂದರೆ ಬ್ಲೂರೇಯ ಸುಮಾರು ನಾಲ್ಕು ಪಟ್ಟು ಚುಕ್ಕೆಗಳಲ್ಲಿ. ಕೊನೆಗೆ ಮೂಲ ನೆಗೆಟಿವ್‌ನಿಂದ ಸಿಕ್ಕದ್ದು ‘ಪಥೇರ್ ಪಾಂಚಾಲಿ’ಯಲ್ಲಿ ಶೇ. 40, ‘ಅಪರಾಜಿತೋ’ದಲ್ಲಿ ಶೇ. 60ಕ್ಕೂ ಜಾಸ್ತಿ. ‘ಅಪುರ್ ಸಂಸಾರ್’ನ ಉಳಿದ ರೀಲುಗಳು ಕೆಲಸಕ್ಕೆ ಬರಲಿಲ್ಲ. ಅದನ್ನು ಪೂರ್ತಿ ಫೈನ್ ಗ್ರೇನ್ ಮಾಸ್ಟರ್ ಮತ್ತು ಡೂಪ್ ನೆಗೆಟಿವ್‌ನಿಂದ, ಅಂದರೆ ಹಿಂದೆ ತೆಗೆದಿಟ್ಟಿದ್ದ ನಕಲುಗಳಿಂದ, ಮಾಡಿದರು. 2015ರಲ್ಲಿ ಬ್ಲೂರೇ ಬಂತು.

ಇದನ್ನು ಇಷ್ಟು ಹೇಳಿದ್ದು ಯಾಕೆಂದರೆ, ಡಿಸ್ಕ್ ಹಾಕಿದಾಗ ಇದೆಲ್ಲ ಕಾಣುತ್ತದೆ. ಒಂದು ಶಾಟಿನಲ್ಲಿ ಗ್ರೇನ್ (ಫಿಲ್ಮಿನ ಸಣ್ಣ ಕಣಗಳು) ನುಣ್ಣಗೆ ಇರುತ್ತದೆ, ಮುಖದ ಚರ್ಮದ ಮೇಲಿನ ಬೆವರೂ ಗೊತ್ತಾಗುತ್ತದೆ. ಮುಂದಿನ ಶಾಟಿಗೆ ಗ್ರೇನ್ ಒರಟಾಗುತ್ತದೆ, ಚಿತ್ರ ಚೂರು ಮಂಕಾಗುತ್ತದೆ. ಡಿಸ್ಕಿನ ದೋಷ ಅಲ್ಲ ಅದು. ಮೂಲ ಬದಲಾಗಿದೆ, ಅಷ್ಟೆ. ಟಿವಿ ಹದವಾಗಿದೆ ಅನ್ನುವುದಕ್ಕೆ ನನ್ನ ಲೆಕ್ಕದಲ್ಲಿ ಗುರುತು ಇದೇ: ಈ ವ್ಯತ್ಯಾಸ ಕಣ್ಣಿಗೆ ಕಾಣಬೇಕು. ಎಲ್ಲ ಶಾಟೂ ಒಂದೇ ಸಮ ನುಣುಪಾಗಿ ಕಂಡರೆ ಟಿವಿ ಏನೋ ಕೈಯಾಡಿಸಿದೆ ಅಂತಲೇ ಅರ್ಥ.

ಹೆಂಡತಿಯ ತಮ್ಮ ಒಮ್ಮೆ ಬಂದವನು, “ಏನ್ ಭಾವ, ಪಿಕ್ಚರ್ ತುಂಬ ರವೆ ಚೆಲ್ಲಿದಂಗಿದೆಯಲ್ಲ, ಇದನ್ನ ಕ್ಲೀನ್ ಮಾಡ್ಲಿಲ್ವಾ ಅವರು?” ಅಂದ. ಆ ರವೆಯೇ ಚಿತ್ರ ಕಣಪ್ಪಾ ಅಂದೆ. ಫಿಲ್ಮಿನಲ್ಲಿ ಇರುವುದು ಬೆಳ್ಳಿಯ ಕಣಗಳು. ಮೂಗು, ಕಣ್ಣು, ಎಲೆ, ನೀರು ಎಲ್ಲ ಅದರಿಂದಲೇ ಆದದ್ದು. ಅದನ್ನು ಒರೆಸಿದರೆ ಅದರ ಜೊತೆಗೆ ಮುಖದ ಗೆರೆಗಳೂ ಹೋಗುತ್ತವೆ, ನಟರು ಮೇಣದ ಗೊಂಬೆಗಳ ಹಾಗೆ ಕಾಣುತ್ತಾರೆ. ಹಾಗೆ ಒರೆಸಿದ ಡಿಸ್ಕುಗಳೂ ಮಾರ್ಕೆಟ್ಟಿನಲ್ಲಿ ಇವೆ. ಡಿಸ್ಕಿನಲ್ಲೇ ಒರೆಸಿದ್ದರೆ ನಾವೇನೂ ಮಾಡುವ ಹಾಗಿಲ್ಲ. ಟಿವಿ ಒರೆಸುತ್ತಿದ್ದರೆ ನಿಲ್ಲಿಸಬಹುದು.

ನಾನು ಮೊದಲು ಆಫ್ ಮಾಡಿದ್ದು ನಾಯ್ಸ್ ರಿಡಕ್ಷನ್, ಈ ಒರೆಸುವ ಕೆಲಸ ಮಾಡುವುದು ಅದೇ. ಒಂದೊಂದು ಟಿವಿಯಲ್ಲಿ ಅದಕ್ಕೆ ಒಂದೊಂದು ಹೆಸರು ಇರುತ್ತದೆ, ಒಂದಲ್ಲ ಎರಡು ಕಡೆ ಅಡಗಿರುತ್ತದೆ. ಎರಡೂ ಆಫ್. ಆಮೇಲೆ ಮೋಷನ್ ಸ್ಮೂತಿಂಗ್. ಇದಕ್ಕೆ ‘ಅಪರಾಜಿತೋ’ದಲ್ಲಿ ಒಂದು ಜಾಗ ಇದೆ. ಅಪುವಿನ ಅಪ್ಪ ಹರಿಹರ ಸಾಯುವ ಕ್ಷಣದಲ್ಲಿ ಕಾಶಿಯ ಘಾಟಿನಿಂದ ಪಾರಿವಾಳದ ಹಿಂಡು ಭರ್‍ರನೆ ಎದ್ದು ಆಕಾಶ ತುಂಬುತ್ತದೆ. ಸಿನಿಮಾ ಇರುವುದು ಸೆಕೆಂಡಿಗೆ 24 ಚಿತ್ರ. ಸ್ಮೂತಿಂಗ್ ಆನ್ ಇದ್ದರೆ ಟಿವಿ ನಡುನಡುವೆ ತನ್ನದೇ ಚಿತ್ರ ಹೊಸೆದು ತುಂಬುತ್ತದೆ. ಅಷ್ಟು ರೆಕ್ಕೆಗಳನ್ನು ಲೆಕ್ಕ ಹಾಕಲಾರದೆ ತೊಡರುತ್ತದೆ. ಹಕ್ಕಿಗಳ ಸುತ್ತ ಕಲಸಿದ ಹಾಗೆ ಆಗುತ್ತದೆ, ಕೆಲವು ರೆಕ್ಕೆ ಮಾಯ. ಆಫ್ ಮಾಡಿ ಅದೇ ಜಾಗ ಮತ್ತೆ ಹಾಕಿ ನೋಡಿ, ಆ ಹಿಂಡು ಎದೆಗೆ ಬಡಿದ ಹಾಗಿರುತ್ತದೆ. ಪ್ಲೇಯರಿನಲ್ಲಿ ಆ 24 ಚಿತ್ರಗಳನ್ನು ಹಾಗೇ ಕಳಿಸುವ 24ಪಿ ಔಟ್‌ಪುಟ್ ಆನ್ ಇರಬೇಕು ಅನ್ನುವುದೂ ಇಲ್ಲೇ ನೆನಪಿಟ್ಟುಕೊಳ್ಳಬೇಕು.

ಶಾರ್ಪ್‌ನೆಸ್‌ಗೆ ‘ಪಥೇರ್ ಪಾಂಚಾಲಿ’ಯ ರೈಲಿನ ದೃಶ್ಯ. ಅಪು, ಅವನ ಅಕ್ಕ ದುರ್ಗಾ ಬಿಳಿ ಕಾಶ ಹೂವಿನ ಬಯಲಿಗೆ ಬರುತ್ತಾರೆ, ತಂತಿ ಕಂಬಕ್ಕೆ ಕಿವಿ ಕೊಟ್ಟು ಗುಂಯ್‌ಗುಟ್ಟುವುದನ್ನು ಕೇಳುತ್ತಾರೆ. ಅಲ್ಲಿ ಚಿತ್ರ ನಿಲ್ಲಿಸಿ. ಬಿಳಿ ಆಕಾಶದ ಎದುರು ಕಪ್ಪು ಕಂಬ. ಕಂಬದ ಅಂಚಿನಲ್ಲಿ ಇನ್ನೂ ಬಿಳಿಯದೊಂದು ಗೆರೆ ಹೊಳೆಯುತ್ತಿದ್ದರೆ ಶಾರ್ಪ್‌ನೆಸ್ ಜಾಸ್ತಿ ಇದೆ. ಆ ಗೆರೆ ಸಿನಿಮಾದಲ್ಲಿ ಇಲ್ಲ, ಟಿವಿ ಎಳೆದದ್ದು. ಗೆರೆ ಮಾಯವಾಗುವ ತನಕ ಇಳಿಸುತ್ತಾ ಹೋದೆ. ನನ್ನ ಟಿವಿಯಲ್ಲಿ ಅದು ಸೊನ್ನೆಗೆ ಬಂತು. ಕೆಲವು ಟಿವಿಗಳಲ್ಲಿ ಸೊನ್ನೆ ಅಂದರೆ ಮಸುಕು, ನಡುವೆ ಎಲ್ಲೋ ಸರಿಯಾದ ಜಾಗ ಇರುತ್ತದೆ. ಅದಕ್ಕೇ ನಂಬರ್ ನಂಬಬೇಡಿ, ಕಂಬ ನೋಡಿ.

ಅದೇ ಬಯಲಿನಲ್ಲಿ ಬಿಳುಪನ್ನೂ ಪರೀಕ್ಷೆ ಮಾಡಬಹುದು. ಕಾಂಟ್ರಾಸ್ಟ್ ಜಾಸ್ತಿಯಾದರೆ ಹೂಗಳೆಲ್ಲ ಸೇರಿ ಒಂದು ಸುಣ್ಣದ ಗೋಡೆ ಆಗಿಬಿಡುತ್ತವೆ. ಸರಿಯಿದ್ದರೆ ಗಾಳಿಗೆ ಬಾಗುವ ಒಂದೊಂದು ತೆನೆಯೂ ಬೇರೆ ಕಾಣುತ್ತದೆ. ಕಪ್ಪಿಗೆ ಇನ್ನೊಂದು ದೃಶ್ಯ: ರಾತ್ರಿ ಹೊತ್ತು ಮುದುಕಿ ಇಂದಿರ್ ಮಕ್ಕಳಿಗೆ ಕತೆ ಹೇಳುವುದು, ಗೋಡೆ ಮೇಲೆ ಅವಳ ದೊಡ್ಡ ನೆರಳು. ನೆರಳಿನ ಒಳಗೂ ಗೋಡೆ ಇದೆ ಅಂತ ಅನ್ನಿಸಬೇಕು. ನೆರಳು ಮಸಿ ಬಳಿದ ಹಾಗಿದ್ದರೆ, ಇಲ್ಲವೇ ಇಡೀ ದೃಶ್ಯ ಬೂದಿ ಚೆಲ್ಲಿದ ಹಾಗಿದ್ದರೆ ಬ್ರೈಟ್‌ನೆಸ್ ಮುಟ್ಟುವ ಮುಂಚೆ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್, ಅಂದರೆ ಪ್ಲೇಯರಿನಿಂದ ಬರುವ ಚಿತ್ರದಲ್ಲಿ ಕಪ್ಪು ಎಲ್ಲಿಂದ ಶುರು ಅನ್ನುವ ಸೆಟ್ಟಿಂಗ್, ನೋಡಿ. ಪ್ಲೇಯರ್ ‘ಲಿಮಿಟೆಡ್’ ಕಳಿಸುತ್ತಾ ಟಿವಿ ‘ಫುಲ್’ ಅಂದುಕೊಂಡಿದ್ದರೆ, ಅಥವಾ ಅದರ ಉಲ್ಟಾ ಆಗಿದ್ದರೆ, ಹೀಗೇ ಆಗುತ್ತದೆ. ಎರಡನ್ನೂ ಒಂದೇ ಮಾಡಿದರೆ ಮುಗಿಯಿತು.

ಇನ್ನು ಬಣ್ಣ. ಕಪ್ಪು-ಬಿಳುಪಿನಲ್ಲಿ ಬಣ್ಣದ ತಪ್ಪು ಕಾಣುವಷ್ಟು ಬಣ್ಣದ ಸಿನಿಮಾದಲ್ಲೂ ಕಾಣುವುದಿಲ್ಲ. ಅಂಗಡಿಯಿಂದ ಬಂದ ಟಿವಿಯಲ್ಲಿ ಬಿಳುಪು ನೀಲಿಗೆ ವಾಲಿರುತ್ತದೆ. ಕಲರ್ ಟೆಂಪರೇಚರನ್ನು ‘ವಾರ್ಮ್ 2’ಗೆ ಇಟ್ಟರೆ 6500 ಕೆಲ್ವಿನ್ ಹತ್ತಿರ ಬರುತ್ತದೆ. ಮೊದಲ ಸಲ ಹಳದಿ ಅನ್ನಿಸುತ್ತದೆ. ಸ್ವಲ್ಪ ಹೊತ್ತಿಗೆ ಕಣ್ಣು ಒಗ್ಗಿಕೊಳ್ಳುತ್ತದೆ, ಆಮೇಲೆ ಹಳೇ ಸೆಟ್ಟಿಂಗ್ ಹಾಕಿದರೆ ಅದೇ ಟ್ಯೂಬ್‌ಲೈಟ್ ತರಹ ಕಾಣುತ್ತದೆ. ಬೂದು ಬಣ್ಣದಲ್ಲಿ ಇನ್ನೂ ಹಸಿರೋ ಗುಲಾಬಿಯೋ ಇಣುಕಿದರೆ ಒಂದು ಉಪಾಯ ಇದೆ. ಕಲರ್ ಸೆಟ್ಟಿಂಗನ್ನು ಪೂರ್ತಿ ಸೊನ್ನೆಗೆ ಇಳಿಸಿ. ಛಾಯೆ ಹೋದರೆ ಅದು ಸಿಗ್ನಲ್ಲಿನಲ್ಲಿ ಇತ್ತು. ಹೋಗದಿದ್ದರೆ ಪರದೆಯದೇ, ವೈಟ್ ಬ್ಯಾಲೆನ್ಸ್ ಮುಟ್ಟಲೇಬೇಕು. ನೋಡಿದ ಮೇಲೆ ಕಲರ್ ವಾಪಸ್ ಏರಿಸಿಬಿಡಿ. ‘ನೋಸ್ಫೆರಾಟು’ (1922) ತರಹದ ಮೂಕಿ ಚಿತ್ರಗಳಲ್ಲಿ ರಾತ್ರಿಗೆ ನೀಲಿ ಬಣ್ಣ ಹಾಕಿರುತ್ತಾರೆ, ಅದೂ ಹೋಗಿಬಿಡುತ್ತದೆ.

ಇಷ್ಟೆಲ್ಲ ಬೇಡ ಅನ್ನುವವರು ಟಿವಿಯಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದನ್ನು ಒತ್ತಿ ಸುಮ್ಮನಾಗಬಹುದು. ಮುಕ್ಕಾಲು ಕೆಲಸ ಆಗುತ್ತದೆ.

ಚಿತ್ರದ ಎಡಬಲದ ಕಪ್ಪು ಪಟ್ಟಿ ಬಗ್ಗೆ ಮನೆಯಲ್ಲಿ ಇವತ್ತಿಗೂ ತಕರಾರು ಇದೆ. ಆಗಿನ ಚೌಕಟ್ಟು 1.37:1, ಈಗಿನ ಟಿವಿ 16:9. ಜಾಗ ಉಳಿಯಲೇಬೇಕು. ಅಮ್ಮ ರಿಮೋಟಿನಲ್ಲಿ ಝೂಮ್ ಒತ್ತಿ ತುಂಬಿಸುತ್ತಾರೆ, ತಲೆಗೂದಲು, ಪಾದ ಎರಡೂ ಕತ್ತರಿಸಿ ಹೋಗುತ್ತವೆ. ನಾನು ಮತ್ತೆ ಸರಿ ಮಾಡುತ್ತೇನೆ. ಓಎಲ್‌ಇಡಿ ಪರದೆಯಲ್ಲಿ ಆ ಪಟ್ಟಿ ಕತ್ತಲೆಯಲ್ಲಿ ಕರಗಿಹೋಗುತ್ತದೆ, ಎಲ್‌ಇಡಿ-ಎಲ್‌ಸಿಡಿಯಲ್ಲಿ ಬೂದಾಗಿ ಮಿನುಗುತ್ತದೆ. ಎಲ್‌ಸಿಡಿ ಇದ್ದವರು ಟಿವಿ ಹಿಂದೆ ಗೋಡೆಗೆ ಬೀಳುವ ಹಾಗೆ ಒಂದು ಸಣ್ಣ ಬಿಳಿ ಎಲ್‌ಇಡಿ ಪಟ್ಟಿ ಅಂಟಿಸಿದರೆ ಕಪ್ಪು ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ಪ್ರೊಜೆಕ್ಟರ್ ಆಸೆ ಇದ್ದರೆ ಒಂದು ಮಾತು. ಒಂದೇ ಚಿಪ್ಪಿನ ಡಿಎಲ್‌ಪಿ ಪ್ರೊಜೆಕ್ಟರ್ ಕೆಂಪು, ಹಸಿರು, ನೀಲಿಯನ್ನು ಒಂದರ ಹಿಂದೆ ಒಂದು ಎಸೆಯುತ್ತದೆ. ಕಪ್ಪಿನ ಎದುರು ಬಿಳಿ ಓಡಾಡಿದಾಗ ಅಂಚಿನಲ್ಲಿ ಕಾಮನಬಿಲ್ಲು ಮಿಂಚುತ್ತದೆ. ಕೆಲವರ ಕಣ್ಣಿಗೆ ಅದು ಬೀಳುವುದೇ ಇಲ್ಲ, ನನ್ನ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಕೊಳ್ಳುವ ಮುಂಚೆ ಅಂಗಡಿಯಲ್ಲಿ ಕಪ್ಪು-ಬಿಳುಪು ಸಿನಿಮಾವನ್ನೇ ಹಾಕಿಸಿ ನೋಡಿ. ಅವರು ತೋರಿಸುವ ಬಣ್ಣದ ಮೀನು, ಹೂವುಗಳಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ.

ಶಬ್ದದ ವಿಷಯ ಬೇಗ ಮುಗಿಸುತ್ತೇನೆ. ಇವು ಮೊನೊ ಸಿನಿಮಾಗಳು, ಸದ್ದೆಲ್ಲ ಒಂದೇ ಕಡೆಯಿಂದ ಬರುವಂಥವು. ಸೌಂಡ್‌ಬಾರಿನ ಸರೌಂಡ್, ಬಾಸ್ ಬೂಸ್ಟ್ ಎಲ್ಲ ಆಫ್. ಮಗಳು ಸತ್ತದ್ದನ್ನು ಹೇಳಲಾಗದೆ ಅಪುವಿನ ಅಮ್ಮ ಸರ್ವಜಯಾ ಬಾಯಿಬಿಟ್ಟು ಅಳುವಾಗ ಅವಳ ದನಿ ಕೇಳುವುದಿಲ್ಲ, ಅದರ ಬದಲು ತಾರ್ ಶಹನಾಯಿ ಅನ್ನುವ ತಂತಿವಾದ್ಯ ಚೀರುತ್ತದೆ. ಬಾಸ್ ಬೂಸ್ಟ್ ಇದ್ದರೆ ಆ ಚೀರಾಟಕ್ಕೆ ಮೊನೆಯೇ ಇರುವುದಿಲ್ಲ. ಹಿಂದೆ ಸಣ್ಣಗೆ ಸುಂಯ್ ಅನ್ನುವ ಸದ್ದು ಇದ್ದರೆ ಇರಲಿ. ಅದನ್ನು ಪೂರ್ತಿ ತೆಗೆದ ಡಿಸ್ಕುಗಳಲ್ಲಿ ಮಾತು ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತದೆ. ‘ಪಾಲ್’ (ಯುರೋಪ್, ಭಾರತದ ಹಳೇ ಟಿವಿ ಪದ್ಧತಿ) ಡಿವಿಡಿ ಇಟ್ಟುಕೊಂಡವರಿಗೆ ಇನ್ನೊಂದು ವ್ಯತ್ಯಾಸವೂ ಕೇಳಿಸುತ್ತದೆ. ಅವು ಸೆಕೆಂಡಿಗೆ 25 ಚಿತ್ರ ಓಡಿಸುತ್ತಿದ್ದವು, ಅಂದರೆ ಶೇ. 4ರಷ್ಟು ವೇಗ ಜಾಸ್ತಿ. 207 ನಿಮಿಷದ ‘ಸೆವೆನ್ ಸಮುರಾಯ್’ 199ಕ್ಕೆ ಮುಗಿಯುತ್ತಿತ್ತು, ಅಪು ಚಿತ್ರಗಳಲ್ಲಿ ರವಿಶಂಕರರ ಸಿತಾರಿನ ಶ್ರುತಿ ಅರ್ಧ ಸ್ವರಕ್ಕೆ ಸ್ವಲ್ಪ ಕಮ್ಮಿ ಮೇಲೇರುತ್ತಿತ್ತು. ಬ್ಲೂರೇಯಲ್ಲಿ ಸಿತಾರು ತನ್ನ ಶ್ರುತಿಗೆ ಬಂದಿದೆ.

ಕೊಳ್ಳುವುದೇ ನಿಜವಾದ ತಲೆನೋವು. ಬ್ಲೂರೇ ಡಿಸ್ಕಿಗೆ ಮೂರು ವಲಯ. ಅಮೆರಿಕ, ಜಪಾನ್ ‘ಎ’. ಯುರೋಪ್ ‘ಬಿ’. ಭಾರತ ‘ಸಿ’. ಹಳೇ ಸಿನಿಮಾಗಳ ಒಳ್ಳೆಯ ಡಿಸ್ಕುಗಳು ಬಹುಪಾಲು ಎ ಮತ್ತು ಬಿ ವಲಯದವು, ಇಲ್ಲಿನ ಪ್ಲೇಯರಿಗೆ ಓಡುವುದಿಲ್ಲ. ನಾನು ಎಲ್ಲ ವಲಯಕ್ಕೂ ಓಡುವ ಪ್ಲೇಯರ್ ತರಿಸಿಕೊಂಡೆ. 4ಕೆ ಡಿಸ್ಕಿಗೆ ವಲಯದ ಕಾಟ ಇಲ್ಲ, ಅದೊಂದು ನೆಮ್ಮದಿ. ಪಾರ್ಸೆಲ್ಲಿನಲ್ಲಿ ತರಿಸಿದ ಒಂದು ಪೆಟ್ಟಿಗೆ ಮೂಲೆ ಜಜ್ಜಿ, ಡಿಸ್ಕ್ ಒಳಗೇ ಲೊಟಲೊಟ ಅನ್ನುತ್ತಾ ಬಂತು, ಮೇಲೆ ಸುಂಕ ಬೇರೆ. ಈಗ ಅಮೆರಿಕದಲ್ಲಿರುವ ಅಕ್ಕನ ಮಗ ರಜಕ್ಕೆ ಬರುವಾಗ ಬಟ್ಟೆ ನಡುವೆ ಸುತ್ತಿ ತರುತ್ತಾನೆ.

ಆರಿಸುವಾಗ ನಾನು ಡಬ್ಬಿಯ ಮೇಲಿನ ‘4ಕೆ’ ಚೀಟಿ ನೋಡುವುದಿಲ್ಲ. ಯಾವ ಮೂಲದಿಂದ ಸ್ಕ್ಯಾನ್ ಮಾಡಿದ್ದಾರೆ ಅಂತ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಅದನ್ನು ಓದುತ್ತೇನೆ. ಮೂಲ ನೆಗೆಟಿವ್ ಅಂತ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಬಹುದು. ಇಲ್ಲದಿದ್ದರೂ ಬಿಡಬೇಕಾಗಿಲ್ಲ. ‘ಮೆಟ್ರೊಪೊಲಿಸ್’ನ (1927) ಕಳೆದುಹೋಗಿದ್ದ ಸುಮಾರು 25 ನಿಮಿಷ 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕಿತು, ಅದೂ ಗೀರು ತುಂಬಿದ 16 ಎಂಎಂ ಪ್ರತಿಯಲ್ಲಿ. ಡಿಸ್ಕಿನಲ್ಲಿ ಆ ಭಾಗ ಬಂದಾಗ ಮಳೆ ಸುರಿದ ಹಾಗೆ ಗೆರೆಗಳು, ಚೌಕಟ್ಟೂ ಕಿರಿದು. ಅದನ್ನು ಮುಚ್ಚಿಡದೆ ಹಾಗೇ ಬಿಟ್ಟದ್ದು ನನಗೆ ಸರಿ ಅನ್ನಿಸುತ್ತದೆ. 4ಕೆ ಡಿಸ್ಕಿನ ನಿಜವಾದ ಲಾಭ ಚುಕ್ಕೆಗಳ ಲೆಕ್ಕದಲ್ಲಿ ಅಲ್ಲ, 10 ಬಿಟ್‌ನಲ್ಲಿ, ಅಂದರೆ ಕಪ್ಪಿನಿಂದ ಬಿಳುಪಿನ ತನಕ ಮೆಟ್ಟಿಲುಗಳು ಜಾಸ್ತಿ ಇರುವುದರಲ್ಲಿ. ಮಂಜು, ಬರಿ ಆಕಾಶದಲ್ಲಿ ಬ್ಲೂರೇ ಕೆಲವೊಮ್ಮೆ ಪಟ್ಟೆ ಪಟ್ಟೆ ಬೀಳುತ್ತದೆ, 4ಕೆಯಲ್ಲಿ ಅದು ಕಮ್ಮಿ.

ಒಟಿಟಿಯಲ್ಲಿ ನೋಡಿದರೆ ಆಗಲ್ವಾ ಅಂದರೆ, ಆಗುತ್ತದೆ. ಆದರೆ ಗ್ರೇನ್ ಪ್ರತಿ ಚಿತ್ರದಲ್ಲೂ ಬೇರೆ ಬೇರೆ ಇರುವುದರಿಂದ ಅದನ್ನು ಹಿಂಡಿ ಕಳಿಸುವುದು ಕಷ್ಟ. ಬ್ಲೂರೇಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ 40 ಮೆಗಾಬಿಟ್ ತನಕ ಜಾಗ ಇದೆ. ಸ್ಟ್ರೀಮಿಂಗಿನಲ್ಲಿ ಅದರ ಒಂದು ಪಾಲು ಮಾತ್ರ, ಕತ್ತಲೆ ದೃಶ್ಯಗಳಲ್ಲಿ ಚೌಕ ಚೌಕ ಎದ್ದು ಬರುತ್ತದೆ.

ಕನ್ನಡದ್ದು ಏನಾದರೂ ಇದೆಯಾ ಅಂತ ಕೇಳುವವರಿಗೆ ಹೇಳಲು ಈಗ ಒಂದು ಹೆಸರಿದೆ. ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977). ಎಸ್. ರಾಮಚಂದ್ರ ಅವರ ಕ್ಯಾಮೆರಾ. ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಹಳೇ ಸಿನಿಮಾ ಉಳಿಸುವ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅಪು ಚಿತ್ರಗಳು ಹೋದ ಅದೇ ಬೊಲೋನ್ಯಾ ಲ್ಯಾಬಿನಲ್ಲಿ ಕೆಲಸ ಮಾಡಿಸಿದರು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದರ ಡಿಸ್ಕ್ ನನ್ನ ಕಪಾಟಿಗೆ ಇನ್ನೂ ಬಂದಿಲ್ಲ. ಯಾವ ವಲಯದ್ದು ಬಂದರೂ ಪ್ಲೇಯರ್ ತಯಾರಿದೆ, ಅಕ್ಕನ ಮಗನಿಗೂ ಹೇಳಿಟ್ಟಿದ್ದೇನೆ.