ಗೀರೋ, ಬಿರುಕೋ: ಬೆಳ್ಳಿ ಡಾಲರಿನ ಜೊತೆ ನನ್ನ ಅನುಭವ

ನ್ಯೂಜೆರ್ಸಿಗೆ ಬಂದ ಎರಡನೇ ಚಳಿಗಾಲ. ಹೊರಗೆ ಹಿಮ, ಒಳಗೆ ಬೇಜಾರು. ಒಂದು ಭಾನುವಾರ ಹತ್ತಿರದ ಹೋಟೆಲಿನಲ್ಲಿ ನಾಣ್ಯ ಮೇಳ ಇದೆ ಅಂತ ಗೊತ್ತಾಗಿ ಸುಮ್ನೆ ಹೋದೆ. ಬರುವಾಗ ಜೇಬಿನಲ್ಲಿ 1888ರ ಒಂದು ಮಾರ್ಗನ್ ಡಾಲರ್ ಇತ್ತು. ಅಂಗೈ ಮೇಲಿಟ್ಟರೆ ಒಳ್ಳೇ ತೂಕ, 26.73 ಗ್ರಾಂ. ನಮ್ಮಜ್ಜಿಯ ಕೊರಳಲ್ಲಿದ್ದ ರಾಣಿ ರೂಪಾಯಿ ಇದರ ಅರ್ಧವೂ ತೂಗುತ್ತಿರಲಿಲ್ಲ.

ಈ ಡಾಲರನ್ನು ರೂಪಿಸಿದವರು ಜಾರ್ಜ್ ಮಾರ್ಗನ್, ಇಂಗ್ಲೆಂಡಿನಿಂದ ಫಿಲಡೆಲ್ಫಿಯಾ ಟಂಕಸಾಲೆಗೆ ಬಂದ ಕೆತ್ತನೆಗಾರ. 1878ರಿಂದ 1904ರವರೆಗೆ, ಆಮೇಲೆ ಮತ್ತೆ 1921ರಲ್ಲಿ ಹೊಡೆದರು. ಎಲ್ಲಾ ಟಂಕಸಾಲೆಗಳಿಗೂ ಅಚ್ಚು ತಯಾರಾಗುತ್ತಿದ್ದದ್ದು ಫಿಲಡೆಲ್ಫಿಯಾದಲ್ಲೇ. ಆದರೆ ಟಂಕಸಾಲೆಯ ಅಕ್ಷರವನ್ನು ಒಂದೊಂದು ಅಚ್ಚಿಗೂ ಕೈಯಿಂದಲೇ ಹೊಡೆಯುತ್ತಿದ್ದರು. ಕೈ ಅಂದಮೇಲೆ ಒಂದು ಸಲ ವಾಲುತ್ತೆ, ಒಂದು ಸಲ ಜಾರುತ್ತೆ, ಇನ್ನೊಂದು ಸಲ ಎರಡೇಟು ಬೀಳುತ್ತೆ. ಆ ಎಡವಟ್ಟುಗಳನ್ನೇ ವ್ಯಾನ್ ಆಲೆನ್ ಮತ್ತು ಮ್ಯಾಲಿಸ್ ಅನ್ನೋ ಇಬ್ಬರು ಕೂತು ಪಟ್ಟಿ ಮಾಡಿದರು. ಅವರ ಹೆಸರಿನ ಮೊದಲಕ್ಷರಗಳಿಂದಲೇ ಈ ಬಗೆಗಳಿಗೆ 'ವ್ಯಾಮ್' ಅನ್ನುತ್ತಾರೆ. ಒಂದೊಂದು ಇಸವಿಗೂ, ಒಂದೊಂದು ಟಂಕಸಾಲೆಗೂ ವ್ಯಾಮ್ ನಂಬರ್‌ಗಳ ಸಾಲೇ ಇದೆ.

ನನ್ನ ನಾಣ್ಯ ನ್ಯೂ ಆರ್ಲಿಯನ್ಸಿನದು, ಹಿಂಭಾಗದಲ್ಲಿ ಹಾರದ ಗಂಟಿನ ಕೆಳಗೆ ಪುಟ್ಟ 'ಓ' ಇತ್ತು. ಅದೇ ಇಸವಿಯ 'ಓ' ನಾಣ್ಯದಲ್ಲಿ 'ಹಾಟ್ ಲಿಪ್ಸ್' ಅನ್ನೋ ಹೆಸರುವಾಸಿ ಬಗೆ ಇದೆ, ವ್ಯಾಮ್ 4. ಅದರಲ್ಲಿ ಲಿಬರ್ಟಿಯ, ಅಂದರೆ ಮುಂಭಾಗದಲ್ಲಿರುವ ಹೆಣ್ಣುಮುಖದ, ತುಟಿ, ಮೂಗು, ಗಲ್ಲ ಎಲ್ಲಾ ಜೋಡಿಯಾಗಿ ಕಾಣುತ್ತವೆ. ಭೂತಗನ್ನಡಿ ಹಿಡಿದು ನೋಡಿದರೆ ನನ್ನದರಲ್ಲೂ ಗಲ್ಲದ ಪಕ್ಕ ಇನ್ನೊಂದು ಗೆರೆ! ಆ ರಾತ್ರಿ ನಿದ್ದೆ ಬರಲಿಲ್ಲ.

ಮುಂದಿನ ಮೇಳದಲ್ಲಿ ಒಬ್ಬ ಹಿರಿಯ ಸಂಗ್ರಾಹಕರಿಗೆ ತೋರಿಸಿದೆ. ಅವರು ಎರಡು ಸೆಕೆಂಡ್ ನೋಡಿ, ದೀಪದ ಕೆಳಗೆ ಓರೆ ಮಾಡಿ, ವಾಪಸ್ ಕೊಟ್ಟರು. 'ಇದು ಅಚ್ಚಿನದಲ್ಲ, ಹೊಡೆತದ್ದು' ಅಂದರು. ನಾಣ್ಯಕ್ಕೆ ಏಟು ಬೀಳುವಾಗ ಅಚ್ಚು ಸ್ವಲ್ಪ ಅದುರಿದರೆ ಚಿತ್ರದ ಅಂಚು ತಳ್ಳಿಹೋಗಿ ಚಪ್ಪಟೆಯ ಮೆಟ್ಟಿಲಿನ ಹಾಗೆ ಕೂರುತ್ತೆ. ಅಚ್ಚೇ ಜೋಡಿಯಾಗಿದ್ದರೆ ಎರಡನೇ ಗೆರೆಯೂ ದುಂಡಗೆ, ಮೈತುಂಬಿಕೊಂಡು ನಿಲ್ಲುತ್ತೆ. ಆಮೇಲೆ ತಮ್ಮ ಡಬ್ಬಿಯಿಂದ ನಿಜವಾದ ಹಾಟ್ ಲಿಪ್ಸ್ ತೆಗೆದು ಪಕ್ಕದಲ್ಲಿಟ್ಟರು. ಭೂತಗನ್ನಡಿಯೇ ಬೇಡ, ಒಂದು ಮೊಳ ದೂರದಿಂದಲೇ ತುಟಿ ಎರಡೆರಡು ಕಾಣುತ್ತಿತ್ತು. ಅದು ಚೆನ್ನಾಗಿ ಸವೆದಿತ್ತು. ಈ ಬಗೆ ಹೆಚ್ಚಾಗಿ ಸಿಗುವುದೇ ಹಾಗೆ ಸವೆದ ಸ್ಥಿತಿಯಲ್ಲಿ. ನನ್ನದು ಫಳಫಳ ಹೊಳೆಯುತ್ತಿತ್ತು. ಆಗಲೇ ಅನುಮಾನ ಬರಬೇಕಿತ್ತು ಅಲ್ವಾ?

ಅಂದಿನಿಂದ ನಾನು ನೋಡುವ ಕ್ರಮ ಬದಲಾಯಿತು. ಮೊದಲು ಪಟ್ಟಿ ತೆಗೆಯುವುದಿಲ್ಲ. ಕೋಣೆಯ ದೀಪ ಆರಿಸಿ, ಮೇಜಿನ ದೀಪ ಒಂದನ್ನೇ ಪಕ್ಕಕ್ಕೆ, ತಗ್ಗಿಗೆ ಇಡುತ್ತೇನೆ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಹತ್ತುಪಟ್ಟು ಭೂತಗನ್ನಡಿಯ ಕೆಳಗೆ ನಿಧಾನವಾಗಿ ತಿರುಗಿಸುತ್ತೇನೆ. ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಗೆರೆ ಉಬ್ಬಿದೆಯೋ, ತಗ್ಗಿದೆಯೋ? ಅಚ್ಚು ಬಿರುಕು ಬಿಟ್ಟರೆ, ಅಚ್ಚಿಗೆ ಉಳಿ ತಗುಲಿದರೆ ಆ ಸಂದಿಗೆ ಬೆಳ್ಳಿ ಹೊಕ್ಕು ನಾಣ್ಯದ ಮೇಲೆ ಗೆರೆ ಉಬ್ಬುತ್ತೆ. ಚೀಲದಲ್ಲಿ ನಾಣ್ಯಕ್ಕೆ ನಾಣ್ಯ ತಾಗಿ ಆದ ಗೀರು ಯಾವಾಗಲೂ ತಗ್ಗು. ದೀಪದ ಕಡೆ ಹೊಳೆದು ಆಚೆ ನೆರಳು ಬಿದ್ದರೆ ಉಬ್ಬು. ಅದೇ ಉಲ್ಟಾ ಆದರೆ ತಗ್ಗು. ಕಣ್ಣು ಮೋಸ ಮಾಡುತ್ತೆ, ಹಾಗಾಗಿ ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ನೋಡುತ್ತೇನೆ.

ಹೀಗೆ ನೋಡಿಯೇ 1891ರ ಒಂದು 'ಓ' ಡಾಲರಿನಲ್ಲಿ ಹಿಂಭಾಗದ ಹದ್ದಿನ ಬಾಲದ ಕೆಳಗೆ ಇರಬಾರದ ಒಂದು 'ಇ' ಅಕ್ಷರ ಸಿಕ್ಕಿತು. ಮಧ್ಯೆ ಬೆಳ್ಳಿಯ ಬಿಲ್ಲೆ ಇಲ್ಲದೆಯೇ ಎರಡು ಅಚ್ಚುಗಳು ಢಿಕ್ಕಿ ಹೊಡೆದು, ಲಿಬರ್ಟಿಯ ತಲೆಪಟ್ಟಿಯ ಅಕ್ಷರ ಹಿಂಭಾಗದ ಅಚ್ಚಿಗೆ ಅಂಟಿಕೊಂಡಿದ್ದು ಅದು. ಮಾರಿದವರು ಅದಕ್ಕೆ ಮಾಮೂಲಿ ಬೆಲೆಯನ್ನೇ ತೆಗೆದುಕೊಂಡಿದ್ದರು. ನಾನೂ ಕೊಳ್ಳುವಾಗ ನೋಡಿರಲಿಲ್ಲ ಅನ್ನೋದು ಬೇರೆ ಮಾತು.

ನನಗೆ ಅತಿ ಪ್ರೀತಿ ಮಾತ್ರ 1900ರ 'ಸಿಸಿ ಮೇಲೆ ಓ'. ನೆವಾಡದ ಕಾರ್ಸನ್ ಸಿಟಿಯಲ್ಲಿ 1893ಕ್ಕೇ ನಾಣ್ಯ ಹೊಡೆಯುವುದು ನಿಂತಿತ್ತು. 'ಸಿಸಿ' ಅಕ್ಷರ ಹೊಡೆದಿದ್ದ ಅಚ್ಚುಗಳು ಉಳಿದುಬಿಟ್ಟವು. ಅಚ್ಚಿನ ಉಕ್ಕನ್ನು ಯಾಕೆ ಬಿಸಾಡಬೇಕು ಅಂತ ಅದರ ಮೇಲೇ 'ಓ' ಹೊಡೆದು ನ್ಯೂ ಆರ್ಲಿಯನ್ಸಿಗೆ ಕಳಿಸಿದರು. ಹಳೇ ಬಾಗಿಲಿಗೆ ಹೊಸ ಬಣ್ಣ ಬಳಿದ ಹಾಗೆ. ನನ್ನ ನಾಣ್ಯದಲ್ಲಿ 'ಓ' ಅಕ್ಷರದ ಎಡಕ್ಕೂ ಬಲಕ್ಕೂ ಸಣ್ಣ ಉಬ್ಬುಗಳಿವೆ, ಕಿವಿಗಳ ಹಾಗೆ. ಹೆಂಡತಿ ನೋಡಿ, 'ಇದಕ್ಕಾ ಇಷ್ಟು ದುಡ್ಡು ಕೊಟ್ಟಿದ್ದು?' ಅಂದಳು. ಉತ್ತರ ಇರಲಿಲ್ಲ.

ಉಬ್ಬಿದ್ದೆಲ್ಲ ಅಚ್ಚಿನದೇ ಅಂತ ನಂಬಿ ಕೂತಿದ್ದ ಕಾಲದಲ್ಲಿ ಒಂದು ಡಾಲರ್ ಕೈಗೆ ಬಂತು. ತಲೆಯ ನೇರಕ್ಕೆ, ಅಂಚಿನ ಹತ್ತಿರ ಒಂದು ಗಂಟು. ಪಟ್ಟಿಯೆಲ್ಲ ಜಾಲಾಡಿದೆ, ಎಲ್ಲೂ ಇಲ್ಲ. ಹೊಸ ಬಗೆಯನ್ನೇ ಕಂಡುಹಿಡಿದೆ ಅನ್ನೋ ಹುಮ್ಮಸ್ಸು. ಆಮೇಲೆ ನಾಣ್ಯವನ್ನು ಅಡ್ಡ ಹಿಡಿದು ಅಂಚು ನೋಡಿದೆ. ಅಲ್ಲಿ ಅಂಚಿನ ಹಲ್ಲುಗಳೂ ಮುಚ್ಚಿಹೋಗಿವೆ, ಬಣ್ಣ ಸ್ವಲ್ಪ ಮಾಸಲು. ತಕ್ಷಣ ಅಜ್ಜಿಯ ಸರ ನೆನಪಾಯಿತು. ಅಕ್ಕಸಾಲಿ ಒಂದೊಂದು ರೂಪಾಯಿಗೂ ಕೊಕ್ಕೆ ಬೆಸೆದ ಜಾಗ ಥೇಟ್ ಹೀಗೇ ಇತ್ತು! ಇಲ್ಲೂ ಯಾರೋ ಡಾಲರಿಗೆ ಕೊಕ್ಕೆ ಹಾಕಿಸಿ ಕೊರಳಿಗೆ ಕಟ್ಟಿದ್ದಾರೆ, ಮುಂದೆ ಯಾರೋ ಕೊಕ್ಕೆ ಕಿತ್ತಿದ್ದಾರೆ. ಸಂಗ್ರಾಹಕರ ಲೆಕ್ಕದಲ್ಲಿ ಅದು ಕೆಟ್ಟ ನಾಣ್ಯ. ನಾನು ಮಾರಿಲ್ಲ.

ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ನಾಣ್ಯ ಅಸಲಿ ಅಂತಲೂ ಅಲ್ಲ. 1896, 1900, 1902ರ ಇಸವಿಯಲ್ಲಿ 'ಓ' ಅಕ್ಷರ ತೀರಾ ಚಿಕ್ಕದಾಗಿರುವ ನಾಣ್ಯಗಳನ್ನು ಬಹಳ ಕಾಲ ಅಪರೂಪದ ಬಗೆ ಅಂತಲೇ ಜನ ಕೊಂಡರು. ನಾಣ್ಯದ ಅಸಲಿತನ, ಸ್ಥಿತಿ ಪರೀಕ್ಷಿಸುವ ಗ್ರೇಡಿಂಗ್ ಕಂಪನಿಗಳೂ ಅಸಲಿ ಅಂತ ಡಬ್ಬಿಗೆ ಹಾಕಿ ಕೊಟ್ಟಿದ್ದವು. ಮೂರೂ ಇಸವಿಗೆ ಹಿಂಭಾಗದ ಅಚ್ಚು ಒಂದೇ, ಅದರ ದೋಷಗಳೂ ಅವೇ ಅಂತ ಗೊತ್ತಾದಾಗ ಗುಟ್ಟು ರಟ್ಟಾಯಿತು. 2005ರಲ್ಲಿ ಅವು ಹಳೇ ಕಾಲದ ಖೋಟಾ ಅಂತ ತೀರ್ಮಾನವಾಯಿತು. ಮಜಾ ಅಂದರೆ ಬೆಳ್ಳಿ ನಿಜವಾದ್ದೇ. ಆ ಕಾಲದಲ್ಲಿ ಒಂದು ಡಾಲರಿನಲ್ಲಿದ್ದ ಬೆಳ್ಳಿಯ ಬೆಲೆ ಅರ್ಧ ಡಾಲರಿನ ಆಸುಪಾಸು, ಹಾಗಾಗಿ ನಿಜವಾದ ಬೆಳ್ಳಿ ಹಾಕಿ ಖೋಟಾ ಮಾಡಿದರೂ ಲಾಭವೇ. ಆದರೆ 1899ರ ಚಿಕ್ಕ 'ಓ' ಅಸಲಿ. ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳೋದು ಕಷ್ಟ, ನಾನು ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದು ಅಂಟಿಸಿದ್ದೇನೆ.

ಕಳೆದ ವಾರ ಎಣಿಕೆಯ ಕೆಲಸ ಬಂತು. 1921ರ ಕೆಲವು ಫಿಲಡೆಲ್ಫಿಯಾ ಡಾಲರುಗಳ ಅಂಚಿನಲ್ಲಿ 189 ಹಲ್ಲಿನ ಬದಲು 157 ಮಾತ್ರ ಇರುತ್ತವೆ. ಹೊಸದಾಗಿ ಬಂದ ನಾಣ್ಯದ ಹಲ್ಲು ಯಾಕೋ ದಪ್ಪ ಅನ್ನಿಸಿತು. ಸೂಜಿ ಮೊನೆ ಇಟ್ಟು ಎಣಿಸಲು ಹೋಗಿ ಎಪ್ಪತ್ತರ ಹತ್ತಿರ ಎರಡು ಸಲ ತಪ್ಪಿದೆ. ಸೂಜಿ ಬೆಳ್ಳಿಗೆ ತಾಗುವ ಭಯ ಬೇರೆ. ಕೊನೆಗೆ ಗೊತ್ತಿದ್ದ ಇನ್ನೊಂದು 1921ರ ಡಾಲರನ್ನು ಅದರ ಮೇಲೆ ಪೇರಿಸಿ, ಎರಡರ ಅಂಚನ್ನೂ ಒಟ್ಟಿಗೆ ದೀಪಕ್ಕೆ ಹಿಡಿದೆ. ಒಂದು ಹಲ್ಲಿಗೆ ಹಲ್ಲು ಕೂಡಿಸಿ ಅಲ್ಲಿಂದ ಮುಂದೆ ನೋಡುತ್ತಾ ಹೋದೆ. ಹಲ್ಲು ಕಡಿಮೆ ಇದ್ದರೆ ನಾಲ್ಕೈದರೊಳಗೇ ಸಾಲು ತಪ್ಪಬೇಕು. ಇಪ್ಪತ್ತು ಹಲ್ಲು ದಾಟಿದರೂ ತಪ್ಪಲಿಲ್ಲ. ಮಾಮೂಲಿ ನಾಣ್ಯ. ಎರಡನ್ನೂ ಪೆಟ್ಟಿಗೆಗೆ ಹಾಕಿ ಕಾಫಿಗೆ ನೀರಿಟ್ಟೆ.