ರಾಗಿ ಹೊಲದೊಳಗಿನ ಕಾಲುವೆ

ನೆಲಮಂಗಲದ ಆಚೆಗಿನ 12 ಎಕರೆ ರಾಗಿ ಹೊಲಕ್ಕೆ ಬಡಾವಣೆಯ ನಕ್ಷೆ ಮಾಡುವ ಕೆಲಸ ಬಂದಾಗ ಮಾಲೀಕರು ಮೊದಲು ಕೇಳಿದ್ದು, “ಮೂವತ್ತು ನಲವತ್ತರ ಸೈಟು ಎಷ್ಟು ಬೀಳುತ್ತವೆ?” ಎಂದು. ಒಂದು ತಿಂಗಳು ಬಿಟ್ಟು ಹೇಳುತ್ತೇನೆ ಎಂದೆ. ಅವರಿಗೆ ಬೇಸರವಾಯಿತು.

ಆ ತಿಂಗಳು ಬಹುಪಾಲು ಹಳೆಯ ಕಾಗದಗಳಲ್ಲೇ ಕಳೆಯಿತು. ಪಹಣಿಯಲ್ಲಿ 14 ಗುಂಟೆ ‘ಬಿ’ ಖರಾಬು, ಅಂದರೆ ಸಾಗುವಳಿಗೆ ಸೇರದ ಸಾರ್ವಜನಿಕ ಜಾಗ, ಎಂದಿತ್ತು. ಗ್ರಾಮ ನಕಾಶೆಯಲ್ಲಿ ಅದು ಕೆರೆಗೆ ಹೋಗುವ ಕಾಲುವೆ. ಹೊಲದಲ್ಲಿ ಮಾತ್ರ ಅದರ ಸುಳಿವೇ ಇಲ್ಲ, ಉತ್ತು ಉತ್ತು ನೆಲ ಸಮವಾಗಿತ್ತು. ಹೊಲ ಅಳೆದವರು ಅಂದು ಬರೆದಿಟ್ಟ ಸರ್ವೆ ಟಿಪ್ಪಣಿ ತೆಗೆಸಿದೆ. ಅದರ ಅಳತೆಯೆಲ್ಲ ಸರಪಳಿ, ಆಣೆಗಳಲ್ಲಿ. ಸರಪಳಿಯೆಂದರೆ 33 ಅಡಿ, ಆಣೆ ಅದರ ಹದಿನಾರನೇ ಒಂದು ಪಾಲು. ಒಂದು ಸರಪಳಿ ಉದ್ದ, ಅಷ್ಟೇ ಅಗಲವಾದರೆ 1,089 ಚದರ ಅಡಿ, ಸರಿಯಾಗಿ ಒಂದು ಗುಂಟೆ. ಈ ಲೆಕ್ಕ ಕೈಗೆ ಹತ್ತಿದವರಿಗೆ ಟಿಪ್ಪಣಿ ಓದುವುದು ಕಷ್ಟವಲ್ಲ.

ಅದರಂತೆ ಕಾಲುವೆಯ ಗುರುತಿಗೆ ಗೂಟ ಹೊಡೆಸುತ್ತಿದ್ದಾಗ ಆ ಹೊಲವನ್ನು ಉತ್ತು ಬಾಳಿದ ಹಿರಿಯರೊಬ್ಬರು ಬಂದು ನಿಂತರು. “ಇನ್ನೂ ಎರಡು ಮಾರು ಕೆಳಕ್ಕೆ ಹೋಗಿ ಸ್ವಾಮಿ, ಜೊಂಡು ಹುಟ್ಟುವುದು ಅಲ್ಲಿ” ಎಂದರು. ಅವರು ತೋರಿಸಿದಲ್ಲಿ ಮೊಳದಷ್ಟು ಆಳ ಅಗೆಸಿದೆ. ಕೆಮ್ಮಣ್ಣಿನ ಅಡಿಯಲ್ಲಿ ಕಪ್ಪು ಗೋಡು ಸಿಕ್ಕಿತು, ಕೈಯಲ್ಲಿ ಹಿಡಿದರೆ ಬೆಣ್ಣೆಯಂತೆ ಜಾರುತ್ತಿತ್ತು. ಗೂಟ ಕಿತ್ತು ಅಲ್ಲಿಗೇ ಹಾಕಿಸಿದೆ.

‘ಬಿ’ ಖರಾಬು ಸಾರ್ವಜನಿಕರದ್ದು. ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಪರಿವರ್ತನೆಗೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಲು, ಅರ್ಜಿ ಹಾಕುವಾಗ ಅದನ್ನು ಹೊರಗಿಟ್ಟೇ ಹಾಕಿದೆವು. ಜಗಳವಾದದ್ದು ಉದ್ಯಾನದ ಬಗ್ಗೆ. ಸೈಟು ಕೂರದ ಸೊಟ್ಟ ಮೂಲೆಗೆ ಅದನ್ನು ತಳ್ಳಿ ಎಂದರು ಮಾಲೀಕರು. ಬಹಳ ಕಡೆ ಹಾಗೆಯೇ ಮಾಡುತ್ತಾರೆ, ನನಗೆ ಅದನ್ನು ಕಂಡರೆ ಸಂಕಟವಾಗುತ್ತದೆ. ನಾನು ಉದ್ಯಾನವನ್ನು ಕಾಲುವೆಯ ಎರಡೂ ದಡಗಳಿಗೆ ಉದ್ದಕ್ಕೆ ಹಾಸಿದ್ದೆ. ಒಂಬತ್ತು ಸೈಟು ಕಡಿಮೆಯಾದವು. ಎರಡು ಸಭೆಗಳಲ್ಲೂ ಅವರು ಒಪ್ಪಲಿಲ್ಲ. ಮಳೆ ಬಿದ್ದ ಮರುದಿನ ಬೆಳಿಗ್ಗೆ ಗೂಟಗಳ ನಡುವೆ ಕರೆದುಕೊಂಡು ಹೋದೆ. ಅವರ ಕಣಕಾಲು ಮುಳುಗುವಷ್ಟು ನೀರು ನಿಂತಿತ್ತು. ಆಮೇಲೆ ಆ ಮಾತು ಎತ್ತಲಿಲ್ಲ.

ಮುಖ್ಯ ರಸ್ತೆಯನ್ನು ಹಳೆಯ ಬಂಡಿದಾರಿಯ ಮೇಲೆಯೇ ಹಾಯಿಸಿದೆ, ಆಚೆ ಹೊಲದವರಿಗೆ ಅದೊಂದೇ ದಾರಿ. ಆದರೆ ಆ ದಾರಿಯ ಬದುವಿನ ಹೊಂಗೆ ಮರಗಳನ್ನು ನಕ್ಷೆಯಲ್ಲಿ ಗುರುತಿಸಿರಲಿಲ್ಲ. ರಸ್ತೆ ಕೆಲಸದವರು ಮೂರನ್ನು ಕಡಿದು ಹಾಕಿದ್ದರು. ತಪ್ಪು ನನ್ನದೇ. ಈಗ ಯಾವ ಜಮೀನಿಗೆ ಹೋದರೂ ಕಾಗದ ಬಿಚ್ಚುವ ಮೊದಲು ಮರಗಳನ್ನು ಎಣಿಸಿ ಬರೆದುಕೊಳ್ಳುತ್ತೇನೆ.